ಬಾಯೊಳಗಿನ ಎಣಿಕೆ

ಅಪ್ಪನಿಗೆ ಲಕ್ವ ಹೊಡೆದು ಏಳು ವಾರಗಳಾಗಿದ್ದವು. ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಿದ್ದರು, ಎಡಗೈಯಲ್ಲಿ ತಾವೇ ಊಟ ಮಾಡುತ್ತಿದ್ದರು, ನಾವು ಆಡಿದ್ದೆಲ್ಲವೂ ಅವರಿಗೆ ತಿಳಿಯುತ್ತಿತ್ತು. ಮಾತು ಮಾತ್ರ ಮರಳಿರಲಿಲ್ಲ. ಬಾಯಿ ತೆರೆದರೆ ‘ಹ್ಞ’ ಎಂಬ ಒಂದೇ ದನಿ ಹೊರಡುತ್ತಿತ್ತು. ನೀರು ಬೇಕಾದರೂ ಅದೇ, ಫ್ಯಾನು ನಿಲ್ಲಿಸಬೇಕಾದರೂ ಅದೇ. ಮೂವತ್ತು ವರ್ಷ ಕನ್ನಡ ಕಲಿಸಿ, ಸ್ವಯಂ ನಿವೃತ್ತಿ ಪಡೆದು ಮಧುಗಿರಿಯ ಮನೆಯಲ್ಲಿ ಕುಳಿತಿದ್ದ ನನಗೆ ಆ ಒಂದು ದನಿಯ ಅರ್ಥಗಳನ್ನು ಬಿಡಿಸುವುದೇ ದಿನದ ಕೆಲಸವಾಯಿತು.

ಗುರುವಾರಕ್ಕೊಮ್ಮೆ ಬಾಡಿಗೆ ಕಾರು ಮಾಡಿಕೊಂಡು ಅವರನ್ನು ಶಿರಾಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮಾತಿನ ಚಿಕಿತ್ಸೆ ಕೊಡುವ ಹುಡುಗಿಯೊಬ್ಬಳಿದ್ದಳು. ಪಾವಗಡದ ಕಡೆಯವಳು, ಮನೆಮಾತು ತೆಲುಗು. ಅಪ್ಪನನ್ನು ಕಂಡೊಡನೆ, “ಏಮಿ ತಾತಾ, ಇವತ್ತಾದ್ರೂ ನನ್ನ ಜೊತೆ ಜಗಳ ಆಡ್ತೀರಾ, ಇಲ್ಲಾ ನಾನೊಬ್ಳೇ ಆಡ್ಬೇಕಾ?” ಎಂದು ಕೇಳುವಳು. ಅಪ್ಪನ ಮುಖದ ಎಡಭಾಗ ನಗುತ್ತಿತ್ತು.

ಏಳನೆಯ ವಾರ ಅವಳು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದಳು.

“ಮೇಡಂ, ಹುಡುಕಿ ಹುಡುಕಿ ಆಡೋ ಮಾತು ಬೇರೆ, ಸಾಲಾಗಿ ತಾನಾಗೇ ಬರೋದು ಬೇರೆ. ವಾರದ ಹೆಸರು, ದೇವರ ಹಾಡು, ಒಂದರಿಂದ ಹತ್ತು, ಇಂಥವು. ಮೊದಲನೇದು ಹೋದ್ರೂ ಎಷ್ಟೋ ಜನಕ್ಕೆ ಎರಡನೇದು ಉಳ್ಕೊಂಡಿರುತ್ತೆ. ಅದರ ಒಂದು ತುದಿ ಸಿಕ್ಕಿದ್ರೆ ಹಿಡ್ಕೊಂಡು ಮಿಕ್ಕ ಮಾತನ್ನ ಎಳೀಬಹುದು.”

“ಸಿಗದಿದ್ದರೆ?”

ಅವಳು ಮೇಜಿನ ಮೇಲಿದ್ದ ಹಲಗೆಯನ್ನು ನನ್ನ ಕಡೆಗೆ ತಿರುಗಿಸಿದಳು. ಅದರ ಮೇಲೆ ಚಿತ್ರಗಳಿದ್ದವು: ನೀರಿನ ಲೋಟ, ಊಟದ ತಟ್ಟೆ, ಹಾಸಿಗೆ, ಶೌಚಾಲಯ. “ಬೇಕಾದ್ದನ್ನ ಬೆರಳಿಟ್ಟು ತೋರಿಸೋದು ಕಲಿಸೋಣ. ಇನ್ನೊಂದು ತಿಂಗಳು ನೋಡೋಣ ಮೇಡಂ.”

ಅಪ್ಪ ಹಲಗೆಯನ್ನು ನೋಡಿದರು. ನಾಲ್ಕು ಚಿತ್ರಗಳಲ್ಲಿ ತಮ್ಮ ಮುಂದಿನ ಬದುಕೆಲ್ಲ ಹಿಡಿಸುತ್ತದೆಂಬುದು ಅವರಿಗೆ ತಿಳಿಯಿತೆಂದು ನನಗೆ ತಿಳಿಯಿತು. ಅಂದು ಮನೆಗೆ ಬಂದವರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು. ಮರುದಿನದಿಂದ ಮುದ್ದೆಯಲ್ಲಿ ಅರ್ಧ ತಟ್ಟೆಯಲ್ಲೇ ಉಳಿಯತೊಡಗಿತು.

ಕೆಲಸವೆಂದರೆ ನನಗೆ ಕ್ರಮವಾಗಿ ಮಾಡುವುದೊಂದೇ ಗೊತ್ತು. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಎಂಟಕ್ಕೆ ವಾರಗಳ ಹೆಸರು, ಎಂಟೂವರೆಗೆ ಒಂದರಿಂದ ಹತ್ತು, ಸಂಜೆ ಮತ್ತೆ ಅದೇ. ಮಂಚದ ಮುಂದೆ ಕುರ್ಚಿ ಹಾಕಿಕೊಂಡು, ಸ್ಲೇಟಿನ ಮೇಲೆ ಅಂಕಿ ಬರೆದು, ತುಟಿಗಳನ್ನು ಸ್ಪಷ್ಟವಾಗಿ ತೋರಿಸಿ, “ಹೇಳಪ್ಪ, ಒಂದು” ಎನ್ನುತ್ತಿದ್ದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. “ಒಂದು.” ಮತ್ತೆ ನೋಡುತ್ತಿದ್ದರು. ಐದಾರು ಸಲವಾದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಶಾಲೆಯಲ್ಲಿದ್ದಾಗ ನನಗೊಂದು ದೃಢವಾದ ನಂಬಿಕೆಯಿತ್ತು: ಎಣಿಕೆ ಭಾಷೆಯ ಕೂಸು. ‘ಮೂರು’ ಎಂಬ ಪದವನ್ನು ಕಲಿಯದೆ ಮಗುವಿಗೆ ಮೂರು ತಿಳಿಯದು. ಹೆಸರಿಲ್ಲದ ಮೇಲೆ ಸಂಖ್ಯೆಯೆಲ್ಲಿ? ಕೆಳಗಿನ ತರಗತಿಗಳಿಗೆ ಲೆಕ್ಕವನ್ನೂ ನಾನೇ ಹೇಳಿಕೊಡಬೇಕಾಗಿ ಬಂದ ವರ್ಷಗಳಲ್ಲಿ, ಬೆರಳು ಮಡಚಿ ಎಣಿಸುವ ಮಕ್ಕಳ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲಿಸಿದ್ದೇನೆ. ಲೆಕ್ಕ ಬಾಯಲ್ಲಿ ಬರಬೇಕು, ಬೆರಳಲ್ಲಲ್ಲ ಎಂಬುದು ನನ್ನ ನಿಯಮವಾಗಿತ್ತು. ಆ ಲೆಕ್ಕದಲ್ಲಿ, ಒಂದು ಎರಡು ಎನ್ನಲಾರದ ಅಪ್ಪನೊಳಗೆ ಸಂಖ್ಯೆಯೇ ಅಳಿಸಿಹೋಗಿದೆ ಎಂದು ನಾನು ತೀರ್ಮಾನಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಮಾತ್ರೆಗಳ ತಟ್ಟೆಯನ್ನು ಅವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ.

“ನುಂಗಪ್ಪ, ತಿಂಡಿ ಆರುತ್ತೆ.”

“ಹ್ಞ.”

ಹಟವೆಂದುಕೊಂಡೆ. ಸ್ವಲ್ಪ ಗದರಿದೆ ಕೂಡ. ಅವರು ಎಡಗೈಯ ತೋರುಬೆರಳಿನಿಂದ ಮಾತ್ರೆಗಳನ್ನು ಒಂದೊಂದಾಗಿ ದೂಡಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ಮೂರು ಮಾತ್ರೆ. ಮೂರನೆಯದರ ಪಕ್ಕದಲ್ಲಿ ಒಂದು ಮಾತ್ರೆಯಷ್ಟು ಜಾಗ ಬಿಟ್ಟು, ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, ನನ್ನ ಮುಖವನ್ನು ನೋಡಿದರು. ದಿನವೂ ಕೊಡಬೇಕಾದದ್ದು ನಾಲ್ಕು. ರಕ್ತದೊತ್ತಡದ ಮಾತ್ರೆಯನ್ನು ನಾನು ಮರೆತಿದ್ದೆ.

ಆ ಸಂಜೆ ಕಡಲೆಕಾಯಿ ಬೇಯಿಸಿದೆ. ಐದು ಕಾಯಿಗಳನ್ನು ಅವರು ನೋಡುತ್ತಿರುವಂತೆಯೇ ಬಟ್ಟಲಿನ ಕೆಳಗೆ ಮುಚ್ಚಿಟ್ಟೆ. ಕೈ ಹಾಕಿ ಎರಡನ್ನು ಹೊರಗೆ ತೆಗೆದೆ. ಒಳಗೆ ಎಷ್ಟು ಉಳಿದಿದೆಯೋ ಅಷ್ಟನ್ನು ಬುಟ್ಟಿಯಿಂದ ತೆಗೆದಿಡಲು ಸನ್ನೆ ಮಾಡಿದೆ. ಅಪ್ಪ ನನ್ನನ್ನು ಒಂದು ಕ್ಷಣ ನೋಡಿದರು. ಇವಳಿಗೆ ಏನಾಯಿತು ಎನ್ನುವ ನೋಟ. ಆಮೇಲೆ ಮೂರು ಕಾಯಿಗಳನ್ನು ತೆಗೆದಿಟ್ಟರು. ಏಳು ಮುಚ್ಚಿಟ್ಟು ನಾಲ್ಕು ತೆಗೆದೆ, ಮೂರು ಇಟ್ಟರು. ಒಂಬತ್ತು ಮುಚ್ಚಿಟ್ಟಾಗ ಅವರ ಎಡ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಮೆಲ್ಲಗೆ ಹರಿದಾಡಿತು. ಆ ಸಲವೂ ತಪ್ಪಲಿಲ್ಲ. ಮುಂದಿನ ಲೆಕ್ಕಕ್ಕೆ ನಾನು ಅಣಿಯಾಗುವಷ್ಟರಲ್ಲಿ ಅವರು ಕಡಲೆಕಾಯಿಗಳನ್ನು ಸುಲಿದು ತಿನ್ನತೊಡಗಿದ್ದರು.

ಈ ಕಳೆಯುವ ಲೆಕ್ಕ ಅವರೊಳಗೆ ಯಾವ ಭಾಷೆಯಲ್ಲಿ ನಡೆಯಿತು? ಪದಗಳಿಲ್ಲದ ಮನೆಯಲ್ಲಿ ಲೆಕ್ಕ ಯಾರ ಆಸರೆಯಲ್ಲಿ ನಿಂತಿತ್ತು? ಅಂದಿನಿಂದ ನಾನು ಸುತ್ತಲೂ ನೋಡತೊಡಗಿದೆ. ಪಕ್ಕದ ಮನೆಯಲ್ಲಿ ಎಂಟು ತಿಂಗಳ ಕೂಸೊಂದಿತ್ತು. ಇನ್ನೂ ಅಮ್ಮ ಎನ್ನಲೂ ಬಾರದು. ಅದರ ಮುಂದೆ ಎರಡು ಚಮಚ ಇಟ್ಟು, ಮೇಲೆ ಕರವಸ್ತ್ರ ಹೊದಿಸಿ, ಕಾಣದಂತೆ ಒಂದನ್ನು ಸರಿಸಿ, ವಸ್ತ್ರ ತೆಗೆದೆ. ಕೂಸು ಉಳಿದ ಚಮಚವನ್ನು ಹಿಡಿಯಲಿಲ್ಲ. ಬರಿದಾದ ಜಾಗವನ್ನೇ ಬಹಳ ಹೊತ್ತು ದಿಟ್ಟಿಸಿತು. ನಮ್ಮ ಬೀದಿಯ ನಾಯಿ ತನ್ನ ಐದು ಮರಿಗಳನ್ನು ಚರಂಡಿಯ ಪಕ್ಕದಿಂದ ಕಾಂಪೌಂಡಿನ ಮೂಲೆಗೆ ಒಂದೊಂದಾಗಿ ಕಚ್ಚಿಕೊಂಡು ಬಂದದ್ದನ್ನೂ ನೋಡಿದೆ. ಐದನೆಯದನ್ನು ತಂದ ಮೇಲೆ ಅದು ಮತ್ತೆ ಹೋಗಲಿಲ್ಲ. ನಾಯಿಗೆ ಐದು ಎಂದು ಯಾರು ಹೇಳಿಕೊಟ್ಟರು? ಅದಕ್ಕೆ ತಿಳಿದದ್ದು ಐದೋ, ಅಥವಾ ‘ಇನ್ನಿಲ್ಲ’ ಎಂಬುದಷ್ಟೋ, ನಾನು ಹೇಳಲಾರೆ. ಆದರೆ ಇನ್ನೂ ಇದೆ, ಇನ್ನಿಲ್ಲ, ಒಂದು ಕಡಮೆಯಾಯಿತು ಎಂಬ ಅರಿವು ಮಾತಿಗಿಂತ ಹಳೆಯದೆಂದು ನನಗೆ ಮನವರಿಕೆಯಾಯಿತು. ಮೊದಲ ಮನುಷ್ಯರು ಎಣಿಸಲು ಕಲಿತದ್ದು ಪದಗಳು ಹುಟ್ಟಿದ ಮೇಲಲ್ಲ. ಗುಂಪಿನಲ್ಲಿ ಒಬ್ಬರು ಹಿಂದಿರುಗದಿದ್ದಾಗ ಆ ಖಾಲಿ ಜಾಗವನ್ನು ನೋಡಿ ಇರಬೇಕು. ಹೆಸರುಗಳು ಆಮೇಲೆ ಬಂದವು. ಬಂದವೇ ಮನೆಯ ಯಜಮಾನಿಕೆ ವಹಿಸಿಕೊಂಡವು.

ಗುರುವಾರ ಇದನ್ನೆಲ್ಲ ವರದಿ ಒಪ್ಪಿಸಿದೆ. ಹುಡುಗಿ ಅಪ್ಪನ ಕೈ ಹಿಡಿದು ಕುಲುಕಿದಳು. “ತಾತಾ, ತಲೆಯೊಳಗೆ ಎಲ್ಲಾ ಇಟ್ಕೊಂಡು ನಮ್ಗೆ ಆಟ ಆಡಿಸ್ತಾ ಇದೀರಾ?” ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ಸಂತೋಷ ಮೇಡಂ. ಆದ್ರೆ ಬಾಯಿಗೆ ಬರ್ಬೇಕು” ಎಂದಳು. ತಿಂಗಳಲ್ಲಿ ಎರಡು ವಾರ ಉಳಿದಿತ್ತು. ಅಪ್ಪ ಹಲಗೆಯ ಕಡೆ ನೋಡಲೇ ಇಲ್ಲ.

ಅದರ ಮರು ವಾರ, ಒಂದು ಮಂಗಳವಾರ ಮಧ್ಯಾಹ್ನ, ಹೊಳವನಹಳ್ಳಿಯಿಂದ ಬಸ್ಸಿನಲ್ಲಿ ಮಾವ ಬಂದರು. ರಕ್ತಸಂಬಂಧದ ಮಾವನಲ್ಲ, ಅಪ್ಪನ ಜೊತೆಗಾರರು, ಚಿಕ್ಕಂದಿನಿಂದ ನಾನು ಹಾಗೆ ಕರೆಯುತ್ತ ಬಂದದ್ದು. ಅಪ್ಪ ಆ ಸುತ್ತಿನಲ್ಲಿ ರಾಶಿ ಅಳೆಯುವವರೆಂದು ಹೆಸರಾಗಿದ್ದರು. ಯಂತ್ರಗಳೂ ತೂಕದ ತಕ್ಕಡಿಗಳೂ ಬರುವ ಮುನ್ನ, ಸುಗ್ಗಿಯಲ್ಲಿ ಒಕ್ಕಿ ತೂರಿದ ರಾಗಿಯ ರಾಶಿಯನ್ನು ಸೇರಿನಲ್ಲಿ ಅಳೆದು ಚೀಲ ತುಂಬಲು ಕಣದಿಂದ ಕಣಕ್ಕೆ ಇವರಿಬ್ಬರನ್ನು ಕರೆಯುತ್ತಿದ್ದರು. ಅಪ್ಪ ಅಳೆಯುವರು, ಮಾವ ಚೀಲದ ಬಾಯಿ ಹಿಡಿಯುವರು.

ಮಾವ ಹೆಗಲಿನಿಂದ ಅರ್ಧ ಚೀಲ ಹೊಸ ರಾಗಿಯನ್ನು ನಡುಮನೆಯಲ್ಲಿಳಿಸಿ, ಮಂಚದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ಲಾ, ಪಾಳೇಗಾರ ಕುಂತಂಗೆ ಕುಂತಿದೀಯ. ಮಗಳು ಕಾಲೊತ್ತದೊಂದು ಬಾಕಿ.”

“ಹ್ಞ,” ಎಂದರು ಅಪ್ಪ. ಕಣ್ಣು ತುಂಬಿತ್ತು.

“ಅಳ್ತೀಯೇನ್ಲಾ? ಸುಮ್ಕಿರು. ನಾನೇನು ಸಾಲ ಕೇಳಕ್ಕೆ ಬಂದಿಲ್ಲ.” ಆಮೇಲೆ ನನಗೆ, “ಟೀಚರಮ್ಮ, ಒಂದು ದುಪ್ಪಟಿ ಆಸವ್ವ. ಡಬ್ಬಕ್ಕೆ ಅಳ್ದು ಆಕ್ಬುಡ್ತೀನಿ. ನಿಮ್ಮಪ್ಪನ ಸೇರು ಎಲ್ಲೈತೆ?”

ಅದು ನನ್ನ ಮೇಜಿನ ಮೇಲಿತ್ತು; ಪೆನ್ನುಗಳನ್ನು ನಿಲ್ಲಿಸಿಡಲು ಬಳಸುತ್ತಿದ್ದೆ. ಮಾವ ಅದನ್ನು ನೋಡಿ, ಪೆನ್ನುಗಳನ್ನು ಮೇಜಿನ ಮೇಲೆ ಸುರಿದು, ಒಳಗೆ ಊದಿ, ಪಂಚೆಯ ತುದಿಯಿಂದ ಒರೆಸಿದರು. ದುಪ್ಪಟಿಯ ಮೇಲೆ ರಾಗಿ ಸುರಿದು, ಮೂಡಲಿಗೆ ಮುಖ ಮಾಡಿ ಕುಳಿತು, ಮೊದಲ ಸೇರು ತುಂಬಿ ಡಬ್ಬಕ್ಕೆ ಹೊಯ್ದರು. ಹೊಯ್ಯುತ್ತ, ಮುಂದಿನ ಸೇರು ತುಂಬುವವರೆಗೂ ಲೆಕ್ಕ ಮರೆಯದಿರಲು ಅಳೆಯುವವರು ಮಾಡುವಂತೆ, ಒಂದೇ ಪದವನ್ನು ರಾಗವಾಗಿ ಹೇಳುತ್ತಿದ್ದರು.

“ಲಾಭ. ಲಾಭ, ಲಾಭ, ಲಾಭ...”

ಎರಡನೆಯ ಸೇರು ತುಂಬಿತು. ಮಾವ ಅದನ್ನು ಎತ್ತಿ, ಏನೋ ಮರೆತವರಂತೆ, “ಎಲ್ಲಿಗೆ ಬಂದ್ನೋ ಕಾಣೆ” ಎಂದರು.

“ಎಲ್ಡು,” ಎಂದರು ಅಪ್ಪ.

ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ನಾನು ಅಲುಗಲಿಲ್ಲ. ಮಾವನಿಗೆ ಅದರಲ್ಲಿ ಯಾವ ವಿಶೇಷವೂ ಕಾಣಲಿಲ್ಲ. “ಎಲ್ಡು, ಎಲ್ಡು, ಎಲ್ಡು” ಎನ್ನುತ್ತ ಸುರಿದರು. ಮಂಚದಿಂದ “ಮೂರು” ಬಂತು. ಆಮೇಲೆ ಇಬ್ಬರ ದನಿಯೂ ಜೊತೆಯಾಗಿ ನಾಕು, ಐದು, ಆರು. ಅಪ್ಪನ ದನಿ ಒಡೆದ ಮಡಕೆಯಂತಿತ್ತು. ಆದರೆ ಪ್ರತಿಯೊಂದು ಪದವೂ ಇಡಿಯಾಗಿತ್ತು. ಹತ್ತರವರೆಗೂ ಹೋಯಿತು.

“ಮಾವ,” ಎಂದೆ, “ಮೂರು ವಾರದಿಂದ ನಾನು ಹೇಳಿಕೊಡುತ್ತಿದ್ದೇನೆ. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.”

“ಏನಂತ ಏಳ್ಕೊಟ್ಟೆ?”

“ಒಂದು, ಎರಡು ಅಂತ.”

ಮಾವ ನಕ್ಕರು. “ಒಂದು ಅಂದ್ರೆ ಅವ್ನೆಂಗೆ ಬಾಯಿ ಬುಡ್ತಾನವ್ವ? ರಾಶಿ ಮುಂದೆ ಕುಂತು ಒಂದು ಅಂದೋನಾ ಅವ್ನು?”

ಕಣದಲ್ಲಿ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರಾಶಿ ಹೆಚ್ಚಲಿ ಎಂಬ ಹಾರೈಕೆಯಿಂದ ಎಣಿಕೆ ಮೊದಲಾಗುತ್ತದೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಜಾನಪದದ ಪಾಠ ಮಾಡುವಾಗ ಮಕ್ಕಳಿಗೆ ಹೇಳಿಯೂ ಇದ್ದೇನೆ. ಆದರೆ ಅಪ್ಪನ ಎಣಿಕೆಯ ಸಾಲು ಅಲ್ಲಿಂದ ಶುರುವಾಗುತ್ತದೆಂದು, ‘ಒಂದು’ ಎಂಬ ಬಾಗಿಲನ್ನು ಎಷ್ಟು ತಟ್ಟಿದರೂ ಅದರ ಹಿಂದೆ ಅವರ ಮನೆಯೇ ಇಲ್ಲವೆಂದು, ಹೊಳೆದಿರಲಿಲ್ಲ.

“ಅಪ್ಪ ಗಟ್ಟಿಯಾಗಿ ಎಣಿಸಿದ್ದನ್ನು ನಾನು ಕೇಳಿದ ನೆನಪೇ ಇಲ್ಲ, ಮಾವ. ಲಾಭ ಎಂದದ್ದನ್ನೂ.”

ಮಾವ ಅಪ್ಪನ ಮುಖ ನೋಡಿದರು. ಅಪ್ಪ ಬೇಡವೆಂಬಂತೆ ತಲೆಯಾಡಿಸಿದರು.

“ಇರ್ಲಿ ಬುಡ್ಲಾ, ಏಳ್ತೀನಿ. ಈಗೇನು ಅವಳು ಎಳೇ ಮಗೀನಾ?” ಕಾಫಿಯನ್ನು ಒಂದು ಗುಟುಕು ಕುಡಿದು ಹೇಳಿದರು. “ನೀನಾಗ ಎಲ್ಡನೇ ಕಲಾಸು. ಕಣದಾಗೆ ಜನ ಎಲ್ಲಾ ಕುಂತವ್ರೆ. ಇವ್ನು ಲಾಭ ಅಂದ. ನೀನು ಎದ್ನಿಂತು, ಅಪ್ಪ ತಪ್ಪು ಎಣಿಸ್ತಾನೆ, ಮೇಷ್ಟ್ರು ಒಂದು ಅಂತ ಏಳ್ಕೊಟ್ಟವ್ರೆ ಅಂದೆ. ಎಲ್ರೂ ನಕ್ಬುಟ್ರು. ನೀನು ಅತ್ಕೊಂಡು ಮನೀಗೋದೆ. ಅವತ್ತಿಂದ ನೀನು ಅತ್ರ ಇದ್ರೆ ಇವ್ನು ಬಾಯೊಳಗೇ ಎಣಿಸೋನು. ತುಟಿ ಮಾತ್ರ ಆಡೋದು. ಜೋರಾಗಿ ಏಳ್ಲಾ, ಲೆಕ್ಕ ತಪ್ತದೆ ಅಂತ ನಾನು ಬೈತಿದ್ದೆ. ‘ಮಗ ಓದ್ತಾ ಐತೆ, ನಮ್ಮ ಬಾಯಿಂದ ಅದ್ರ ಲೆಕ್ಕ ಕೆಡಾದು ಬ್ಯಾಡ’ ಅನ್ನೋನು.”

ಆ ದಿನ ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ನೆನಪಿರುವುದು ಅಪ್ಪನ ತುಟಿಗಳು ಮಾತ್ರ: ಬಸ್ಸಿನ ಚೀಟಿ ನೋಡುವಾಗ, ಸಸಿ ನೆಡುವಾಗ, ನನ್ನ ಮದುವೆಯಲ್ಲಿ ಎಲೆಗಳ ಸಾಲಿನ ಮುಂದೆ ನಿಂತಾಗ, ದನಿಯಿಲ್ಲದೆ ಅಲುಗುವ ತುಟಿಗಳು. ಜಪವೆಂದುಕೊಂಡಿದ್ದೆ.

ಐದು ಗಂಟೆಯ ಬಸ್ಸಿಗೆ ಮಾವ ಹೊರಟರು. ಅರ್ಧ ರಾಶಿ ದುಪ್ಪಟಿಯ ಮೇಲೇ ಉಳಿದಿತ್ತು. “ಮಿಕ್ಕಿದ್ದನ್ನ ನೀನು ಅಳ್ಕೊ ಟೀಚರಮ್ಮ” ಎಂದು ಚಪ್ಪಲಿ ಮೆಟ್ಟಿದರು. “ಅವ್ನು ಏಳ್ತಾನೆ, ಕೇಳುಸ್ಕೊ.”

ಆದರೆ ಅಪ್ಪ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ರಾಶಿಯ ಮುಂದೆ ಕುಳಿತು “ಲಾಭ” ಎಂದೆ. ಅವರು ಸುಮ್ಮನೆ ನೋಡಿದರು. “ಲಾಭ, ಹೇಳಪ್ಪ.” ತುಟಿ ಅಲುಗಿತು; ದನಿ ಬರಲಿಲ್ಲ. ರೋಗವೋ, ನಾನು ಎದುರಿಗಿದ್ದಾಗ ಎಣಿಕೆಯನ್ನು ನುಂಗಿಕೊಳ್ಳುವ ನಲವತ್ತೈದು ವರ್ಷಗಳ ರೂಢಿಯೋ, ನನಗೆ ತಿಳಿಯದು. ಮರುದಿನ ಗುರುವಾರ. ಮಾವನನ್ನು ದಿನವೂ ಬಸ್ಸು ಹತ್ತಿಸಿ ಕರೆಸಲಾಗುವುದಿಲ್ಲ. ಈ ಮನೆಯಲ್ಲಿ ಇರುವವಳು ನಾನೊಬ್ಬಳೇ.

ಸ್ಲೇಟನ್ನು ಪಕ್ಕಕ್ಕಿಟ್ಟು ಅಳೆಯತೊಡಗಿದೆ. ಸೇರು ತುಂಬಿ, ಅಳತೆ ಕರಾರುವಾಕ್ಕಾಗಿರಲೆಂದು ಅಂಗೈಯಿಂದ ಮೇಲ್ಭಾಗವನ್ನು ಸಮವಾಗಿ ಸವರಿದೆ.

“ಹ್ಞ.”

ತಲೆಯೆತ್ತಿದೆ. ಅಪ್ಪನ ಹುಬ್ಬು ಗಂಟಿಕ್ಕಿತ್ತು. ಮತ್ತೊಮ್ಮೆ ತುಂಬಿ ಮತ್ತೆ ಸವರಿದೆ. “ಹ್ಞ” ಎಂದು ಕೋಲಿನಿಂದ ಮಂಚದ ಕಾಲಿಗೆ ಬಡಿದರು. ನನ್ನ ತರಗತಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದಾಗ ನನ್ನ ಮುಖ ಹೇಗಿರುತ್ತಿತ್ತೆಂದು ನನಗೆ ಅಂದು ಗೊತ್ತಾಯಿತು. ಅವರು ಕೋಲೂರಿ ಎದ್ದರು, ಮೆಲ್ಲಗೆ ಬಂದು ಎದುರಿಗಿದ್ದ ಮಣೆಯ ಮೇಲೆ ಕುಳಿತರು. ನನ್ನ ಕೈಯಲ್ಲಿದ್ದ ಸೇರನ್ನು ಮಗುಚಿ ರಾಗಿಯನ್ನು ರಾಶಿಗೆ ಹಿಂದಿರುಗಿಸಿದರು. ಎಡಗೈಯನ್ನು ನನ್ನ ಕೈಯ ಮೇಲಿಟ್ಟು, ಸೇರನ್ನು ರಾಶಿಯ ಬುಡಕ್ಕೆ ನುಗ್ಗಿಸಿ, ಎತ್ತಿದರು. ಬಾಯಿಯ ಮೇಲೆ ರಾಗಿ ತಾನಾಗಿ ಗೋಪುರದಂತೆ ನಿಂತಿತು. ಸವರಬಾರದು. ಒಕ್ಕಿದವರ ರಾಶಿಯನ್ನು ತಲೆ ಸವರಿ ಅಳೆದರೆ ಅದು ಜಿಪುಣರ ಅಳತೆ.

ಸೇರನ್ನು ಎತ್ತಿ ಹಿಡಿದುಕೊಂಡೇ ಅವರು ನನ್ನನ್ನು ನೋಡುತ್ತಿದ್ದರು. ಹೊಯ್ಯಲಿಲ್ಲ. ತುಟಿಗಳು ಸಿದ್ಧವಾಗಿ ಅರೆತೆರೆದಿದ್ದವು.

“ಅಪ್ಪ,” ಎಂದೆ. “ಅವತ್ತು ಕಣದಲ್ಲಿ ನಾನು ಹೇಳಿದ್ದು ತಪ್ಪು. ನೀನು ಎಣಿಸಿದ್ದೇ ಸರಿ.”

ಇಷ್ಟು ವರ್ಷಗಳಲ್ಲಿ ಎಷ್ಟೋ ಮಕ್ಕಳ ನೋಟ್‌ಬುಕ್ಕುಗಳಲ್ಲಿ ತಪ್ಪು ಎಂದು ಬರೆದಿದ್ದೇನೆ. ಆ ಪದವನ್ನು ನನ್ನ ಕುರಿತಾಗಿ ಬಳಸಿದ್ದು ಎಷ್ಟು ಸಲವೆಂದು ಹೇಳಲಾರೆ. ಬಹುಶಃ ಬೆರಳುಗಳೇ ಸಾಕು.

ಅಪ್ಪ ಕೆಳಗೆ ನೋಡಿದರು. ಸೇರು ಬಾಗಿತು, ರಾಗಿ ಡಬ್ಬಕ್ಕೆ ಬೀಳತೊಡಗಿತು.

“ಲಾಭ,” ಎಂದರು. “ಲಾಭ, ಲಾಭ, ಲಾಭ.”

ನಾನು ಎಣಿಸಲಿಲ್ಲ, ಅವರ ಕೈಯ ಕೆಳಗೆ ಕೈಯಿಟ್ಟು ಕೇಳಿಸಿಕೊಂಡೆ. ಎಲ್ಡು ಬಂತು. ನಾಕರಲ್ಲಿ ತಡವರಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, ಹಿಡಿದರು. ಏಳರ ನಂತರ ದನಿಗೆ ಹಳೆಯ ರಾಗ ಸೇರಿಕೊಂಡಿತು. ಪಕ್ಕದ ಮನೆಯಾಕೆ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಕಿಟಕಿಯ ಬಳಿ ಬಂದು ನಿಂತಳು. ಹದಿಮೂರಕ್ಕೆ ಬರುವಾಗ ಅವರ ಹಣೆಯ ಮೇಲೆ ಬೆವರಿತ್ತು, ನನ್ನ ಕೈ ನೋಯುತ್ತಿತ್ತು, ದುಪ್ಪಟಿಯ ಮೇಲೆ ಇನ್ನು ಒಂದು ಸೇರಿನಷ್ಟು ರಾಗಿ ಉಳಿದಿತ್ತು.

ಹದಿನಾಲ್ಕನ್ನೂ ಹೇಳಿಸಿಬಿಡಬೇಕೆಂದು ನಾನು ಅಂಚುಗಳನ್ನೆಲ್ಲ ಎತ್ತಿ, ಚೆದುರಿದ ಕಾಳುಗಳನ್ನು ಬಳಿದು, ಸೇರು ಊರಲು ಹೋದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ರಾಶಿಯನ್ನು ಬರಿದಾಗುವವರೆಗೆ ಅಳೆಯುವುದಿಲ್ಲ. ಕೊನೆಯ ಕಾಳುಗಳನ್ನು ಎಣಿಸದೆ ಬಿಡಬೇಕು. ಕಣದಲ್ಲಿ ಬೆಳೆದವಳಾದರೂ ನನಗೆ ಅದು ಮರೆತಿತ್ತು. ಅವರು ಬಾಯಿ ತೆರೆದರು. ಯಾವ ಸಾಲಿನಲ್ಲೂ ಇಲ್ಲದ, ಹುಡುಕಿ ತಂದ ಮಾತು ಹೊರಬರಲು ಬಹಳ ಹೊತ್ತು ಹಿಡಿಯಿತು. ನಾನು ಕಾದೆ.

“ಸಾಕು,” ಎಂದರು. “ಸಾಕು ಬುಡವ್ವ.”